ಬೀಗಿತ್ತಿಯ ಪಾಲಿನ ಕೋಳಿ

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಅರವತ್ತೆಂಟು ಅನ್ನುವುದು ಆಧಾರ್ ಕಾರ್ಡಿನವರ ಲೆಕ್ಕ. ನಮ್ಮವ್ವನ ಲೆಕ್ಕ ಹಿಡಿದರೆ ಇನ್ನೊಂದೆರಡು ಸೇರಿಸಿಕೊಳ್ಳಿ, ನನಗೇನೂ ನಷ್ಟವಿಲ್ಲ. ಮೊನ್ನೆ ಸೊಸೆ ಸುಧಾ ಅಡುಗೆಮನೆಯ ಸಜ್ಜೆ ಗುಡಿಸುತ್ತಾ, ತಳ ಕಿತ್ತುಹೋದ ಬಿದಿರಿನ ಮಂಕರಿಯೊಂದನ್ನು ಕೆಳಕ್ಕೆ ಎಸೆದು, "ಅತ್ತೆ, ಇದ್ನ ಕಸದ ಗಾಡಿಗೆ ಹಾಕ್ಬುಡ್ಲಾ?" ಅಂದಳು. "ಹಾಕು, ಇನ್ನೇನ್ ಪೂಜೆ ಮಾಡ್ತೀಯಾ" ಅಂದೆ. ಗಾಡಿ ಹಾಡು ಹಾಕಿಕೊಂಡು ಬಂತು, ಮಂಕರಿ ಹೋಯಿತು. ಹೋಗಲಿ, ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಆದರೆ ಅದರ ಕೆಳಗೆ ಹದಿನೈದು ದಿನ ಕೂತಿದ್ದ ಕೋಳಿಯ ಕತೆ ಬಾಯಿಗೆ ಬಂದು ನಿಂತುಬಿಟ್ಟಿದೆ. ಹೇಳದೆ ಇದ್ದರೆ ಊಟ ಸೇರುವುದಿಲ್ಲ. ಕೂತುಕೊಳ್ಳಿ.

ನಮ್ಮದು ತುಮಕೂರು. ಶಿರಾ ಗೇಟು ದಾಟಿ, ಎಡಕ್ಕೆ ಒಳಗೆ ಹೋದರೆ ಒಂದು ಲೇಔಟು. ಅರ್ಧ ಮನೆ, ಅರ್ಧ ಖಾಲಿ ಸೈಟು. ಮನೆಗಳಲ್ಲಿ ಜನ ಇದ್ದಾರೆ, ಸೈಟುಗಳಲ್ಲಿ ನನ್ನ ಕೋಳಿಗಳಿವೆ. ಸೈಟಿನ ಯಜಮಾನರು ಯಾರೋ ಬೆಂಗಳೂರಿನಲ್ಲಿರುತ್ತಾರಂತೆ, ಕಲ್ಲು ನೆಟ್ಟು ಹೋದವರು ಮತ್ತೆ ಬರಲಿಲ್ಲ. ಅವರ ಪಾರ್ಥೇನಿಯಂ ಗಿಡದ ಬುಡ ಕೆದಕಿ ಕೆದಕಿ ನನ್ನ ಕೋಳಿಗಳು ಗುಂಡಗೆ ಆಗಿವೆ. ಮಗ ಮಂಜ ಗೇಟಿನ ಹತ್ತಿರ ಟೈರ್ ಅಂಗಡಿಯಲ್ಲಿದ್ದಾನೆ. ಸೊಸೆ ಸತ್ಯಮಂಗಲದ ಕಡೆ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಇಬ್ಬರೂ ಬೆಳಗ್ಗೆ ಹೋದರೆ ಸಂಜೆ ಬರುವುದು. ಅಷ್ಟು ಹೊತ್ತೂ ನಾನು ಮತ್ತು ಕೋಳಿಗಳು. ನನಗದು ಬೇಜಾರಿಲ್ಲ. ಕೋಳಿಗಳು ಟಿ.ವಿ. ಸೌಂಡು ಜಾಸ್ತಿ ಮಾಡು ಅನ್ನುವುದಿಲ್ಲ.

ಕೋಳಿಗೆ ಹೆಸರಿಡುವ ಚಟ ನನಗಿಲ್ಲ. ತಿನ್ನುವುದಕ್ಕೆ ಹೆಸರಿಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕರಿ ಕೋಳಿ, ಬೂದಿ ಕೋಳಿ, ಚುಕ್ಕಿ ಕೋಳಿ, ಅಷ್ಟೇ. ನಾನು ಹುಟ್ಟಿದ್ದು ಗುಬ್ಬಿ ಕಡೆ. ನಮ್ಮವ್ವ ಕೋಳಿಯಲ್ಲೇ ಸಂಸಾರ ನಡೆಸಿದವಳು. ರಾಗಿ ತುಂಬಿದ ಮಡಕೆಯೊಳಗೆ ಮೊಟ್ಟೆ ಹುಗಿದಿಡುತ್ತಿದ್ದಳು, ತಣ್ಣಗಿರುತ್ತವೆ ಅಂತ. ನಾನು ರಾಗಿಗೆ ಕೈ ಹಾಕಿ ಕಳ್ಳತನದಲ್ಲಿ ತಡಕುವುದು, ಕೈತುಂಬ ರಾಗಿ ಮೆತ್ತಿಕೊಂಡು ಸಿಕ್ಕಿಬೀಳುವುದು. ಕಾವಿಗೆ ಇಡುವ ಮೊಟ್ಟೆಯನ್ನು ಬಾಗಿಲ ಸಂದಿಯಿಂದ ಬೀಳುವ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇದ್ರಾಗೆ ಜೀವ ಐತೆ, ಇದ್ರಾಗಿಲ್ಲ" ಅಂತ ಬೇರೆ ಮಾಡುತ್ತಿದ್ದಳು. ನಾನೂ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ನನಗೆ ಬಿಸಿಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಆದರೂ ಹೂಂ ಅನ್ನುತ್ತಿದ್ದೆ.

ನಮ್ಮವ್ವ ಕೋಳಿಗಳನ್ನು ಪಾಲಿಗೆ ಬಿಡುತ್ತಿದ್ದಳು. ಪಾಲಿಗೆ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೋಳಿ ನಿಮ್ಮದು, ಸಾಕುವವಳು ನಾನು. ಕಾವು ಕೂತು ಎದ್ದ ಮರಿಗಳಲ್ಲಿ ಅರ್ಧ ನಿಮಗೆ, ಅರ್ಧ ನನಗೆ. ತಾಯಿಕೋಳಿ ಮಾತ್ರ ಎಂದೆಂದಿಗೂ ನಿಮ್ಮದೇ. ಅದು ಸತ್ತರೆ, ಸತ್ತ ಕೋಳಿಯನ್ನು ಪುಕ್ಕದ ಸಮೇತ ತಂದು ನಿಮಗೆ ತೋರಿಸಬೇಕು. ತೋರಿಸದೆ ಬರೀ ಬಾಯಲ್ಲಿ "ಸತ್ತೋಯ್ತು" ಅಂದರೆ, ಕುಯ್ದು ತಿಂದಳು ಅಂತಲೇ ಅರ್ಥ. ಆಮೇಲೆ ಆ ಹೆಂಗಸಿಗೆ ಊರಿನಲ್ಲಿ ಯಾರೂ ಒಂದು ಕೋಳಿಮರಿಯನ್ನೂ ನಂಬಿ ಕೊಡುವುದಿಲ್ಲ. ಬೀದಿಯಲ್ಲಿ ಕೋಳಿಗಳು ಬೆರೆತುಹೋಗುತ್ತವಲ್ಲ, ಅದಕ್ಕೆ ಗುರುತು ಮಾಡುವುದೂ ಇತ್ತು. ಒಬ್ಬಳು ರೆಕ್ಕೆಗೆ ಹಳೇ ಸೀರೆಯ ಅಂಚು ಕಟ್ಟುವಳು, ಒಬ್ಬಳು ಕಿರುಬೆರಳಿನ ಉಗುರು ಕತ್ತರಿಸುವಳು.

ಈಗ ಬೀಗಿತ್ತಿ ಬೋರಮ್ಮನ ವಿಷಯಕ್ಕೆ ಬರುತ್ತೇನೆ. ಬೋರಮ್ಮ ನಮ್ಮ ಸುಧಾಳ ತಾಯಿ. ಕುಣಿಗಲ್ ತಾಲೂಕು ಹುಲಿಯೂರುದುರ್ಗದವಳು. ಅಲ್ಲಿ ಚಿಕ್ಕ ಮಗಳ ಜೊತೆ ಇದ್ದಾಳೆ. ಆ ಮಗಳು ಬಸ್ ಸ್ಟಾಂಡಿನ ಹತ್ತಿರ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾಳೆ. ಬಳೆ, ಕ್ಲಿಪ್ಪು, ಪೌಡರು, ಉಗುರುಬಣ್ಣ. ಹಳೆಯದಾಗಿ ಗಟ್ಟಿಯಾಗುತ್ತಾ ಬಂದ ಬಣ್ಣದ ಬಾಟಲಿಗಳೆಲ್ಲ ಬೋರಮ್ಮನ ಪಾಲು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ರಾಗಿ ಹೊಲದಲ್ಲಿ ಸವೆದ ಕಾಲು, ಹಿಮ್ಮಡಿಯಲ್ಲಿ ಕಾಳು ಬಿತ್ತುವಷ್ಟು ಬಿರುಕು, ಮುಂದುಗಡೆ ಹತ್ತು ಬೆರಳಿಗೂ ಕೆಂಪು ಬಣ್ಣ. ಮದುವೆಮನೆಯಲ್ಲಿ ಜನ ನಗುತ್ತಾರೆ. ಅವಳಿಗೆ ಅದರಿಂದ ಏನೂ ಆಗುವುದಿಲ್ಲ. ಅದು ಮಾತ್ರ ನನಗೆ ಅವಳಲ್ಲಿ ಹಿಡಿಸಿದ ಗುಣ.

ಆ ಚುಕ್ಕಿ ಕೋಳಿಯನ್ನು ನನಗೆ ಪಾಲಿಗೆ ಕೊಟ್ಟವಳು ಅವಳೇ. ಬಿಳಿ ಮೈಮೇಲೆ ಕಪ್ಪು ಚುಕ್ಕಿ, ಹಳದಿ ಕಾಲು, ನೋಡಲು ಚೆನ್ನಾಗಿತ್ತು. ಕಾವು ಕೂತರೆ ಒಂದು ಮೊಟ್ಟೆಯನ್ನೂ ಕೆಡಿಸುವುದಿಲ್ಲ ಅಂತ ಹೊಗಳಿ ಹೊಗಳಿ ಕೊಟ್ಟಳು. ನಮ್ಮ ಮನೆಯ ಮುಂದೆ ಚೀಲದಿಂದ ಅದನ್ನು ತೆಗೆದವಳೇ, ಮೊಣಕಾಲ ನಡುವೆ ಅಮುಕಿ ಹಿಡಿದು, ಸೆರಗಿನ ಗಂಟಿನಿಂದ ಉಗುರುಬಣ್ಣದ ಬಾಟಲಿ ಬಿಚ್ಚಿ, ಕೋಳಿಯ ಕಾಲುಗುರಿಗೆಲ್ಲ ಬಳಿದಳು.

"ಇದ್ಯಾಕೆ ಬೋರಮ್ಮ, ಮದ್ವೆ ಮಾಡ್ತೀಯಾ ಅದ್ಕೆ?" ಅಂದೆ.

"ಗುರ್ತಿಗೆ ಕಣ್ ಬೀಗ್ತೀ. ನಿಮ್ ತುಮ್ಕೂರ್ನಾಗೆ ಯಾರ್ ಕೋಳಿ ಯಾರ್ದೋ. ನಾಳೆ ನೀನು ಯಾವ್ದೋ ಬಡ್ಕಲು ತೋರ್ಸಿ ಇದೇ ನಿಂದು ಅಂದ್ರೆ ನಾನೆಲ್ಲಿಗ್ ಹೋಗ್ಲಿ?"

"ನಾನ್ ಅಂಥೋಳು ಅಂತ ತಿಳ್ಕಂಡು ಮಗ್ಳು ಕೊಟ್ಯಾ?"

"ಮಗ್ಳು ಮಾತಾಡ್ತಾಳೆ ಕಣವ್ವ, ಕೋಳಿ ಮಾತಾಡಲ್ಲ."

ಆಮೇಲೆ ಮಗಳನ್ನು ನೋಡುವ ನೆಪದಲ್ಲಿ ಬಂದಾಗಲೆಲ್ಲ ಮೊದಲು ಕೋಳಿ ಹಿಡಿಯುವುದು, ಉಗುರಿಗೆ ಇನ್ನೊಂದು ಕೋಟು ಬಳಿಯುವುದು, ಆಮೇಲೆ ಮಗಳ ಮುಖ ನೋಡುವುದು.

ಕೋಳಿ ಬಂದು ಒಂದು ತಿಂಗಳಾಗಿರಬಹುದು. ಒಂದು ಬೆಳಗ್ಗೆ ಕಾಳು ಚೆಲ್ಲಿದರೆ ಚುಕ್ಕಿ ಕೋಳಿ ಬರಲಿಲ್ಲ. ಹುಡುಕಿದರೆ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಮುದುಡಿಕೊಂಡು ಕೂತಿದೆ. ಎಳೆದು ತೆಗೆದೆ. ಕಾಲಿನ ಬೆರಳಲ್ಲಿ ರಕ್ತ ಹೆಪ್ಪುಗಟ್ಟಿದೆ, ತಲೆಯ ಜುಟ್ಟು ಹರಿದಿದೆ, ಬೆನ್ನಿನ ಪುಕ್ಕ ಕಿತ್ತು ಚರ್ಮ ಕಾಣುತ್ತಿದೆ. ಕೈಯಲ್ಲಿ ಎತ್ತಿದರೆ ಹತ್ತಿ ಉಂಡೆಯ ಹಾಗೆ ಹಗುರ. ನೆಲಕ್ಕೆ ಬಿಟ್ಟೆ. ಬಿಟ್ಟ ತಕ್ಷಣ ನನ್ನ ಕರಿ ಕೋಳಿ ಎಲ್ಲಿತ್ತೋ, ಕತ್ತು ಮುಂದೆ ಚಾಚಿಕೊಂಡು ಓಡಿ ಬಂದು ಕುಕ್ಕಿತು. ಅದರ ಹಿಂದೆ ಬೂದಿ ಕೋಳಿ. ಅದರ ಹಿಂದೆ ಮೊನ್ನೆ ಮೊನ್ನೆ ಮೊಟ್ಟೆ ಇಡಲು ಕಲಿತ ಪಿಳ್ಳೆಗಳು. ಹುಂಜ ಏನು ಮಾಡುತ್ತಿತ್ತು ಅಂತ ಕೇಳಬೇಡಿ. ಕಾಂಪೌಂಡಿನ ಮೇಲೆ ನಿಂತು ಬೇರೆ ಕಡೆ ನೋಡಿಕೊಂಡು ಕೂಗುತ್ತಿತ್ತು. ಗಂಡಸರ ಕೆಲಸ.

ಕುಕ್ಕಿಸಿಕೊಳ್ಳುವ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಮೂರನೇ ಕ್ಲಾಸಿನಲ್ಲಿ ಪಟೇಲರ ಮನೆಯ ಹುಡುಗಿ ದಿನಾ ನನ್ನ ಜಡೆ ಎಳೆಯುತ್ತಿದ್ದಳು. ಅವಳು ಎಳೆಯುತ್ತಾಳೆ ಅಂತ ಅವಳ ಪಕ್ಕದವಳೂ ಎಳೆಯುತ್ತಿದ್ದಳು, ಹಿಂದಿನವಳೂ ಎಳೆಯುತ್ತಿದ್ದಳು. ಒಂದು ದಿನ ಪಟೇಲರ ಹುಡುಗಿಯ ತೋಳು ಕಚ್ಚಿದೆ. ಚೆನ್ನಾಗಿಯೇ ಕಚ್ಚಿದೆ. ಮೇಷ್ಟ್ರು ಮನೆಗೆ ಕಳಿಸಿದರು. ನಮ್ಮವ್ವ "ಆಯ್ತು ಬುಡು, ಕೋಳಿ ಮೇಯ್ಸು" ಅಂದಳು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಈ ಕೋಳಿಗೆ ಕಚ್ಚುವ ಬುದ್ಧಿ ಇರಲಿಲ್ಲ. ತಲೆ ತಗ್ಗಿಸಿ ನಿಂತುಬಿಡುತ್ತಿತ್ತು. ತಲೆ ತಗ್ಗಿಸಿದವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಕೋಳಿಯಾದರೂ ಸರಿ.

ಎದುರು ಮನೆಯ ರತ್ನಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ಬಂದಳು. ಅವಳೂ ಕೋಳಿ ಸಾಕುತ್ತಾಳೆ. ಅವಳ ಕೋಳಿಗಳೂ ಅದೇ ಸೈಟಿನಲ್ಲಿ ಮೇಯುವುದು.

"ಚಿಕ್ಕತಾಯಮ್ಮ, ಇದು ಕೊಕ್ಕರೆ ರೋಗ ಕಣ್ರೀ," ಅಂದಳು. ಕೊಕ್ಕರೆ ರೋಗ ಅಂದರೆ ಕೋಳಿ ಸಾಕುವವರ ಎದೆ ನಡುಗುತ್ತದೆ. ಒಂದಕ್ಕೆ ಬಂದರೆ ಬೀದಿಯ ಕೋಳಿಯೆಲ್ಲ ಖಾಲಿ.

"ಕೊಕ್ಕರೆ ರೋಗ ಆದ್ರೆ ಕತ್ತು ತಿರುಚ್ತದೆ. ಇದ್ರ ಕತ್ತು ನೆಟ್ಟಗೈತೆ."

"ಇವತ್ತು ನೆಟ್ಟಗಿರ್ತದೆ, ನಾಳೆ ತಿರುಚ್ತದೆ. ಹುಷಾರಿಲ್ದೋಳನ್ನ ಬೇರೆ ಕೋಳಿಗಳು ಸುಮ್ಸುಮ್ನೆ ಕುಕ್ತವಾ? ಅವಕ್ಕೆ ವಾಸ್ನೆ ಗೊತ್ತಾಯ್ತದೆ. ಇವತ್ತೇ ಕುಯ್ದಾಕಿ. ಇಲ್ದಿದ್ರೆ ನನ್ ಕೋಳಿಗಳ್ಗೆಲ್ಲ ನೀವೇ ಜವಾಬ್ದಾರಿ."

"ಕುಯ್ಯಕೆ ಅದು ನಂದಲ್ಲ."

"ಮತ್ತ್ಯಾರ್ದು?"

"ಬೀಗ್ತೀದು."

ರತ್ನಮ್ಮ ಪಾತ್ರೆ ಕೆಳಗಿಟ್ಟಳು. "ಹಂಗಾರೆ ಕೆಟ್ರಿ ಬುಡಿ," ಅಂದಳು.

ಕೆಟ್ಟೆ ಅನ್ನುವುದು ನನಗೂ ಗೊತ್ತಿತ್ತು. ಕುಯ್ದರೆ ತಿಂದೆ ಅನ್ನಿಸಿಕೊಳ್ಳಬೇಕು. ಸತ್ತರೆ ಹುಲಿಯೂರುದುರ್ಗದಿಂದ ಅವಳು ಬರುವ ತನಕ ಹೆಣ ಇಟ್ಟುಕೊಳ್ಳಬೇಕು. ಬದುಕಿಸೋಣ ಅಂದರೆ ರೋಗ ಬೀದಿಗೆಲ್ಲ ಹರಡಿಸಿದವಳು ಅನ್ನಿಸಿಕೊಳ್ಳಬೇಕು. ಅರವತ್ತೆಂಟು ವರ್ಷ ಯಾರ ಪಾಲೂ ತಿನ್ನದೆ ಬಂದವಳು ನಾನು. ಒಂದು ಕೋಳಿಯ ಮುಂದೆ ನನ್ನ ಮರ್ಯಾದೆ ಒಂಟಿ ಕಾಲಲ್ಲಿ ನಿಂತಿತ್ತು. ಸಂಜೆ ಸುಧಾ ಬಂದ ಮೇಲೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿದೆ.

"ನಿನ್ ಕೋಳಿಗೆ ಹುಷಾರಿಲ್ಲ ಬೋರಮ್ಮ."

ಆ ಕಡೆಯಿಂದ "ಹುಷಾರಿಲ್ವೋ, ಇಲ್ವೇ ಇಲ್ವೋ?" ಅಂದಳು.

ನನ್ನ ಮೈಯೆಲ್ಲ ಉರಿಯಿತು. "ಐತೆ. ಕಣ್ ಬಿಟ್ಕಂಡು ಕೂತೈತೆ."

"ನಾನ್ ಬರೋಗಂಟ ಕತ್ತಿ ಮುಟ್ಬ್ಯಾಡ. ಬಂದು ನೋಡ್ತೀನಿ. ಅಮಾಸೆ ಕಳೀಲಿ, ಭಾನ್ವಾರ ಬತ್ತೀನಿ."

ಫೋನ್ ಇಟ್ಟ ಮೇಲೆ ಸುಧಾಳ ಮುಖ ನೋಡಬೇಕಿತ್ತು. ಅತ್ತ ಹಡೆದವಳು, ಇತ್ತ ಅತ್ತೆ, ನಡುವೆ ಕೋಳಿ. ಮಂಜ ಊಟ ಮಾಡುತ್ತಾ, "ಸತ್ರೆ ಫ್ರಿಜ್ಜಲ್ಲಿ ಮಡಗಾಣ ಬುಡವ್ವ, ಅತ್ತೆ ಬಂದ್ಮ್ಯಾಕೆ ತೆಗ್ದು ತೋರ್ಸಾಣ," ಅಂದ. ಸುಧಾ ಅವನ ತಟ್ಟೆಗೆ ಸಾರು ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

ಸರಿ, ಈ ಕೋಳಿ ಅಮಾವಾಸ್ಯೆ ಕಳೆದು ಬರುವ ಭಾನುವಾರದ ತನಕ ಸಾಯಕೂಡದು. ಅಷ್ಟು ತೀರ್ಮಾನ ಮಾಡಿದೆ. ಮಾಡಿದ ಮೇಲೆ ನನಗೆ ಒಂದು ಹುರುಪು ಬಂತು ನೋಡಿ. ಮಗನ ಮದುವೆಯಲ್ಲೂ ನಾನು ಅಷ್ಟು ಓಡಾಡಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೋಣಿ ಹಾಸಿ, ಕೋಳಿ ಕೂರಿಸಿ, ಮೇಲೆ ಮಂಕರಿ ಬೋರಲು ಹಾಕಿ, ಮಂಕರಿಯ ಮೇಲೆ ಗುಂಡುಕಲ್ಲು ಇಟ್ಟೆ. ಬೆಳಗ್ಗೆ, ಸಂಜೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕಾಲು ತೊಳೆಯುವುದು, ಒರೆಸುವುದು, ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತುವುದು. ಸುಧಾ ಫೋನಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಬೆಳ್ಳುಳ್ಳಿ ಜಜ್ಜಿ ಕೊಡಿ ಅಂದಳು. ಕೊಟ್ಟೆ. ಕೋಳಿ ಅದನ್ನು ನನ್ನ ಸೀರೆಯ ಮೇಲೆ ಉಗುಳಿತು.

ತಿನ್ನುವುದೇ ಇಲ್ಲ ಅಂತ ಹಠ ಹಿಡಿದಿತ್ತು. ಅಕ್ಕಿ ನುಚ್ಚು ಬೇಡ, ಮುದ್ದೆ ಬೇಡ, ಈರುಳ್ಳಿ ಬೇಡ. ಆಗ ನಮ್ಮವ್ವನ ಗೆದ್ದಲು ಜ್ಞಾಪಕಕ್ಕೆ ಬಂತು. ಹಳೇ ಕುಡಿಕೆಯೊಂದಕ್ಕೆ ಸಗಣಿ, ಒಣಹುಲ್ಲು ಒದ್ದೆ ಮಾಡಿ ತುರುಕಿ, ಗೆದ್ದಲಿರುವ ಜಾಗ ನೋಡಿ ಸಂಜೆ ಬೋರಲು ಹಾಕಿ ಬಂದರೆ, ಬೆಳಗ್ಗೆ ಕುಡಿಕೆ ತುಂಬ ಬಿಳಿ ಗೆದ್ದಲು ಮಿಜಿಗುಟ್ಟುತ್ತಿರುತ್ತವೆ. ಕೋಳಿಮರಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ತುಮಕೂರಿನಲ್ಲಿ ಸಗಣಿಗೆ ಎಲ್ಲಿಗೆ ಹೋಗಲಿ? ಶಿರಾ ಗೇಟಿನ ಸರ್ಕಲ್ಲಿನ ಹತ್ತಿರ ದನಗಳು ಮಲಗುತ್ತವಲ್ಲ, ಅಲ್ಲಿಗೇ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಹೋದೆ. ಲಾರಿ, ಬಸ್ಸು, ಆಟೋ ಎಲ್ಲ ಹಾರ್ನು ಹೊಡೆಯುತ್ತಿದ್ದರೆ ನಾನು ನಡುವೆ ಬಗ್ಗಿ ಸಗಣಿ ಬಾಚುತ್ತಿದ್ದೆ. ಟೈರ್ ಅಂಗಡಿಯ ಮುಂದೆ ನಿಂತಿದ್ದ ಮಂಜ ನನ್ನನ್ನು ನೋಡಿ ಒಳಗೆ ಹೋಗಿಬಿಟ್ಟ. ನೋಡಲಿಲ್ಲ ಅಂತ ಆಮೇಲೆ ಹೇಳಿದ. ನೋಡಿದ್ದ.

ಖಾಲಿ ಸೈಟಿನಲ್ಲಿ ಕೊಳೆತುಬಿದ್ದಿದ್ದ ಹಲಗೆಯ ಹತ್ತಿರ ಕುಡಿಕೆ ಹಾಕಿದೆ. ಬೆಳಗ್ಗೆ ಎತ್ತಿದರೆ, ಏನು ಹೇಳಲಿ, ಅಕ್ಕಿ ಬೇಯುವ ಹಾಗೆ ಒಳಗೆಲ್ಲ ಗೆದ್ದಲು. ತಂದು ಮಂಕರಿಯ ಕೆಳಗೆ ಸುರಿದೆ. ಕೋಳಿ ಮೊದಲು ಒಂದು ಕಣ್ಣಲ್ಲಿ ನೋಡಿತು. ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿತು. ಆಮೇಲೆ ಟಕ್ ಅಂತ ಒಂದು. ಟಕ್ ಟಕ್. ಸುಧಾ ಫ್ಯಾಕ್ಟರಿಯ ಬಸ್ಸಿಗೆ ಹೊತ್ತಾಗಿದ್ದರೂ ಬ್ಯಾಗು ನೇತುಹಾಕಿಕೊಂಡೇ ನಿಂತು ನೋಡಿದಳು. "ತಿಂತು ಕಣತ್ತೆ, ತಿಂತು," ಅಂದಳು. ಬಸ್ಸು ತಪ್ಪಿತು. ಆಟೋದಲ್ಲಿ ಹೋದಳು.

ಒಂದು ವಾರದಲ್ಲಿ ಕೋಳಿ ಮಂಕರಿಯೊಳಗೆ ನಿಂತು ಕೊಕ್ಕೊಕ್ಕೊ ಅನ್ನುವಷ್ಟಾಯಿತು. ಕತ್ತು ತಿರುಚಲಿಲ್ಲ, ಬಿಳಿ ಭೇದಿ ಇಲ್ಲ, ಏನೂ ಇಲ್ಲ. ರತ್ನಮ್ಮನನ್ನು ಕರೆದು ತೋರಿಸಿದೆ. ನಾನೇ ಗೆದ್ದೆ ಅಂತ ಲೆಕ್ಕ ಹಾಕಿ, ಬಿಡುವ ದಿನ ಅದಕ್ಕೆ ಚೆನ್ನಾಗಿ ಕಾಲು ತೊಳೆದು, ಅರಿಶಿನದ ಕಲೆಯೆಲ್ಲ ಹೋಗುವ ಹಾಗೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಸ್ಕೂಲಿಗೆ ಮಗು ಕಳಿಸುವ ಹಾಗೆ ಅಂಗಳಕ್ಕೆ ಬಿಟ್ಟೆ.

ಬಾಗಿಲಿಗೆ ಒರಗಿಕೊಂಡು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿಲ್ಲ. ಕರಿ ಕೋಳಿ ಬಂತು. ಬಂದಿದ್ದೇ ಚುಕ್ಕಿ ಕೋಳಿಯ ಕಾಲಿಗೆ ಕುಕ್ಕಿತು. ಇನ್ನುಳಿದವೂ ಕಾಲಿಗೇ ಕುಕ್ಕಿದವು. ಪೆಟ್ಟಾಗಿದ್ದ ಜಾಗ ಮೆತ್ತಗಿರುತ್ತದೆ, ಅದಕ್ಕೇ ಅಲ್ಲಿಗೇ ಕುಕ್ಕುತ್ತವೆ ಅಂದುಕೊಂಡೆ. ಪೊರಕೆ ಹಿಡಿದು ನುಗ್ಗಿ ಬಿಡಿಸಿಕೊಂಡು ಬಂದೆ. ಮತ್ತೆ ರಕ್ತ. ಮತ್ತೆ ತಲೆ ತಗ್ಗಿಸಿತು. ಮತ್ತೆ ಮಂಕರಿ, ಮತ್ತೆ ಉಪ್ಪುನೀರು, ಮತ್ತೆ ಅರಿಶಿನ. ಕುಡಿಕೆ ತುಂಬ ಗೆದ್ದಲು ತಂದು ಸುರಿದರೂ ಈ ಸಲ ಒಂದು ಕಣ್ಣಲ್ಲೂ ನೋಡಲಿಲ್ಲ. ರತ್ನಮ್ಮ ಕಾಂಪೌಂಡಿನ ಆಚೆಯಿಂದ ನೋಡಿ, ಏನೂ ಹೇಳದೆ ತನ್ನ ಕೋಳಿಗಳನ್ನು ಕೂಡಿಹಾಕಿಕೊಂಡಳು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಭಾನುವಾರ ಬಂತು. ಬೋರಮ್ಮನೂ ಬಂದಳು. ಚೀಲ ಇಳಿಸುವ ಮೊದಲೇ, "ಎಲ್ಲೈತೆ?" ಅಂದಳು. ಮಂಕರಿ ಎತ್ತಿ ತೋರಿಸಿದೆ. ಕೋಳಿ ಕಣ್ಣು ಮುಚ್ಚಿಕೊಂಡು ಕೂತಿತ್ತು, ರೆಕ್ಕೆ ಇಳಿಬಿಟ್ಟಿತ್ತು. ಅವಳು ಕೈಗೆ ಎತ್ತಿಕೊಂಡು, ಎದೆಮೂಳೆ ಒತ್ತಿ ನೋಡಿ, ನನ್ನ ಮುಖ ನೋಡಿದಳು.

"ಮುಳ್ ಮುಳ್ ಆಗೈತಲ್ಲ ಬೀಗ್ತೀ. ಏನ್ ಹಾಕ್ತಿದ್ದೆ ಇದ್ಕೆ, ಗಾಳಿನಾ?"

"ಗೆದ್ಲು ತಂದ್ ಹಾಕೀನಿ. ನನ್ ಮಗಂಗೂ ಹಂಗ್ ತಿನ್ಸಿಲ್ಲ."

"ನಿನ್ ಮಗ ಅದ್ಕೇ ನೆಟ್ಟಗವ್ನೆ," ಅಂದಳು. ಆಮೇಲೆ ಉಸಿರು ಬಿಟ್ಟು, "ಆಯ್ತು, ಇದು ಉಳಿಯಲ್ಲ. ಸಾಯೋಕ್ ಮುಂಚೆ ಕುಯ್ದ್ಬುಡಾಣ. ನನ್ ಕಣ್ಮುಂದೆ ಆಗ್ಲಿ. ಅರ್ಧ ನೀವ್ ತಿನ್ನಿ, ಅರ್ಧ ನಾನ್ ತಿಂತೀನಿ, ಬಾಬ್ತು ಮುಗೀತು," ಅಂದಳು.

ಸುಧಾ ಮಸಾಲೆಗೆ ಕಾಯಿ ತುರಿಯಲು ಕೂತಳು. ಮಂಜ ಈಳಿಗೆ ತೊಳೆಯಲು ಹೋದ. ಎಲ್ಲರಿಗೂ ಎಷ್ಟು ಬೇಗ ಒಪ್ಪಿಗೆಯಾಗಿಹೋಯಿತು ನೋಡಿ. ನಾನು ಕೋಳಿ ತಿನ್ನದವಳಲ್ಲ. ತಿನ್ನುವಾಗ ಅತ್ತವಳೂ ಅಲ್ಲ. ಆದರೆ ಹದಿನೈದು ದಿನ ಕಾಲು ತೊಳೆದದ್ದನ್ನು, ಯಾತರಿಂದ ಕೆಟ್ಟಿತು ಅಂತ ಗೊತ್ತಾಗದೆ ತಿನ್ನುವುದು ಅಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಮೇಲಾಗಿ ಬೋರಮ್ಮ ತಿಂದು ಊರಿಗೆ ಹೋಗಿ ಏನು ಹೇಳುತ್ತಾಳೆ? ಬೀಗಿತ್ತಿಗೆ ಒಂದು ಕೋಳಿ ಸಾಕಲು ಬರಲಿಲ್ಲ ಅಂತ ತಾನೆ?

"ಇನ್ನೊಂದ್ ವಾರ ಬುಡು," ಅಂದೆ.

"ಬುಟ್ರೆ ಮೂಳೆ ಸಿಕ್ತದೆ ಅಷ್ಟೇ."

"ಸಿಕ್ಲಿ."

"ಹಟ ಕಣವ್ವ ನಿಂಗೆ. ಗುಬ್ಬಿ ಕಡೆಯೋರೆಲ್ಲ ಹಿಂಗೇ," ಅಂದುಕೊಂಡು ಬೋರಮ್ಮ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಬಸ್ಸಿನಲ್ಲಿ ನಿಂತು ಬಂದಿದ್ದಳಂತೆ, ಕಾಲು ನೋವು. ಚಪ್ಪಲಿ ಕಳಚಿ, ಎರಡು ಕಾಲೂ ಬಿಸಿಲಿಗೆ ಚಾಚಿದಳು.

ನಾನು ಒಳಗೆ ನೀರು ತರಲು ಹೋಗಿದ್ದೆ. ಹೊರಗೆ ಒಂದು ಕಿರುಚಾಟ ಕೇಳಿತು. ಓಡಿ ಬಂದರೆ ಕರಿ ಕೋಳಿ ಬೋರಮ್ಮನ ಹೆಬ್ಬೆರಳನ್ನು ಕುಕ್ಕಿ ಹಿಡಿದಿದೆ. ಬಿಡಿಸಿಕೊಂಡರೆ ಬೂದಿ ಕೋಳಿ ಈ ಕಾಲಿಗೆ. ಪಿಳ್ಳೆಗಳು ಎರಡೂ ಕಡೆಯಿಂದ. ಬೋರಮ್ಮ ಸೀರೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಣಿಯುತ್ತಿದ್ದಾಳೆ.

"ಓಡ್ಸೇ ಬೀಗ್ತೀ, ಓಡ್ಸು ಇವನ್ನ. ರಾಕ್ಷಸ್ರನ್ನ ಸಾಕಿದೀಯಾ? ಅಯ್ಯಯ್ಯೋ ನನ್ ಬೆಳ್ಳು."

ನಾನು ಓಡಿಸಲಿಲ್ಲ. ನಿಂತು ನೋಡಿದೆ. ನನ್ನ ಕಾಲೂ ಬರಿಗಾಲೇ. ಅವಳ ಪಕ್ಕದಲ್ಲೇ ಇದೆ. ನನ್ನ ಕಾಲಿನ ಕಡೆ ಒಂದೂ ತಿರುಗಿ ನೋಡುತ್ತಿಲ್ಲ.

"ಬೋರಮ್ಮ, ಚಪ್ಲಿ ಮೆಟ್ಕೋ," ಅಂದೆ. ಮೆಟ್ಟಿದಳು. ಆ ಚಪ್ಪಲಿ ಮುಂದೆ ಮುಚ್ಚಿಕೊಂಡಿರುವಂಥದ್ದು. ಕೋಳಿಗಳು ಅತ್ತ ಇತ್ತ ನೋಡಿ ನೆಲ ಕೆದಕಿಕೊಂಡು ಹೋದವು.

"ಈಗ ತೆಗಿ."

"ಯಾಕೆ? ತಲೆ ಕೆಟ್ಟೈತಾ?"

"ತೆಗಿಯೇ ಅಂದ್ರೆ. ಒಂದ್ ಕಾಲ್ ತೆಗಿ."

ತೆಗೆದಳು. ಕರಿ ಕೋಳಿ ಕತ್ತು ಚಾಚಿತು. ಓಡಿ ಬಂತು. ಅವಳು ಕಾಲು ಎಳೆದುಕೊಳ್ಳುವಷ್ಟರಲ್ಲಿ ಹೆಬ್ಬೆರಳಿನ ಕೆಂಪು ಉಗುರಿಗೆ ಟಕ್ ಅಂತ ಒಂದು ಕೊಟ್ಟಿತು.

ಒಳಗೆ ಓಡಿದೆ. ಆ ವಯಸ್ಸಿನಲ್ಲಿ ಓಡಿದೆ ಅಂದರೆ ನಂಬಿ. ಮಂಕರಿ ಒಂದು ಕಡೆ ಎಸೆದು, ಕೋಳಿಯನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದು ಕಾಲಿನ ಅರಿಶಿನ ತಿಕ್ಕಿದೆ. ಅರಿಶಿನ ಹೋಯಿತು, ಕೆಳಗೆ ಉಗುರುಗಳು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಳೆದವು. ಹಳದಿ ಕಾಲಿನ ತುದಿಯಲ್ಲಿ ದಾಳಿಂಬೆ. ಯಾವ ಕೋಳಿ ತಾನೆ ಬಿಟ್ಟೀತು?

"ಬಣ್ಣ," ಅಂದೆ. "ಬೋರಮ್ಮ, ನಿನ್ ಬಣ್ಣ ಕಣೇ. ರೋಗ ಅಲ್ಲ, ರುಜಿನ ಅಲ್ಲ. ಕಾಳು ಅಂದ್ಕಂಡು ಕುಕ್ಕವೆ. ಕುಕ್ಕಿ ಕುಕ್ಕಿ ರಕ್ತ ಬಂದೈತೆ. ರಕ್ತ ಕಂಡ್ಮ್ಯಾಲೆ ಅವು ಬುಡ್ತವಾ?"

ಬೋರಮ್ಮ ತನ್ನ ಕಾಲು ನೋಡಿಕೊಂಡಳು, ಕೋಳಿಯ ಕಾಲು ನೋಡಿದಳು. ಇಬ್ಬರ ಹೆಬ್ಬೆರಳಲ್ಲೂ ಒಂದೇ ಬಣ್ಣ, ಒಂದೇ ಗಾಯ. ಅವಳ ಬಾಯಿಂದ ಮಾತು ಹೊರಡಲಿಲ್ಲ ಅಂದುಕೊಳ್ಳಬೇಡಿ.

"ಬಣ್ಣ ನಂದೇ ಬುಡು. ದಿನಾ ಎರಡ್ ಸಲ ತಿಕ್ಕಿ ತೊಳ್ದು ಫಳಫಳ ಅನ್ನಂಗೆ ಮಾಡ್ದೋಳ್ಯಾರು? ನೀನ್ ಸುಮ್ಕಿದ್ದಿದ್ರೆ ಮಣ್ಣು ಹತ್ಕಂಡು ಮಾಸೋಗಿರ್ತಿತ್ತು."

ಅದೂ ಹೌದು. ಗಾಯ ವಾಸಿಯಾಗಲಿ ಅಂತ ನಾನು ತೊಳೆದಷ್ಟೂ ಅದು ಹೊಳೆದಿದೆ. ಬಿಡುವ ದಿನವಂತೂ ಸಿಂಗಾರ ಮಾಡಿಯೇ ಕಳಿಸಿದ್ದೆ. ನನಗೆ ನಗು ಬಂತು. ಅವಳಿಗೂ ಬಂತು. ಕಾಯಿತುರಿ ಕೈಯಲ್ಲಿ ಹಿಡಿದುಕೊಂಡು ಬಂದ ಸುಧಾ ಎರಡು ಮುದುಕಿಯರು ಕೋಳಿ ಹಿಡಿದುಕೊಂಡು ನಗುವುದನ್ನು ನೋಡಿ, ಈಗ ಕುಯ್ಯಬೇಕೋ ಬೇಡವೋ ಅಂತ ಕೇಳಿದಳು. ವಿಷಯ ತಿಳಿದ ಮೇಲೆ ಅವಳು ತಾಯಿಯನ್ನು ಬೈದ ಬೈಗುಳ, ಅಬ್ಬಾ, ಅಷ್ಟು ದಿನ ನಡುವೆ ನಿಂತು ನುಂಗಿಕೊಂಡಿದ್ದೆಲ್ಲ ಬಂತು. ನನಗೂ ಒಂದೆರಡು ಸೇರಿಸಿದಳು.

ಬಣ್ಣ ತೆಗೆಯುವ ನೀರು ಅಂತ ಒಂದು ಸುಧಾಳ ಹತ್ತಿರ ಇತ್ತು, ಮೂಗಿಗೆ ಹೊಡೆಯುವ ವಾಸನೆ. ಬೋರಮ್ಮ ಕೋಳಿಯನ್ನು ತೊಡೆಯ ಮೇಲೆ ಮಲಗಿಸಿ ಹಿಡಿದುಕೊಂಡಳು. ಸುಧಾ ಹತ್ತಿಯಲ್ಲಿ ಒಂದೊಂದೇ ಉಗುರು ಒರೆಸಿದಳು. ಗಾಯಕ್ಕೆ ತಾಗದ ಹಾಗೆ ನಾನು ಬೆರಳು ಅಡ್ಡ ಹಿಡಿದೆ. ಮಂಜ ಈಳಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದವನು, "ಮಸಾಲೆ ಏನ್ಮಾಡೋದು?" ಅಂದ. ಮೊಟ್ಟೆ ಬೇಯಿಸಿ ಅದರೊಳಗೆ ಹಾಕಿದೆವು. ಬೋರಮ್ಮನ ಉಗುರೂ ಒರೆಸುತ್ತೇನೆ ಅಂತ ಸುಧಾ ಹೋದಳು. ಬೋರಮ್ಮ ಕಾಲು ಮಡಿಸಿ ಸೀರೆಯೊಳಗೆ ಇಟ್ಟುಕೊಂಡಳು. "ನನ್ನನ್ಯಾರು ಮಂಕರಿ ಕೆಳಗಾಕ್ತಾರೆ?" ಅಂದಳು.

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬಣ್ಣ ಹೋದರೂ ಕರಿ ಕೋಳಿಗೆ ಅಭ್ಯಾಸ ಹೋಗುವುದಿಲ್ಲ. ಸಂಜೆ ಪರೀಕ್ಷೆಗೆ ಅಂತ ಚುಕ್ಕಿ ಕೋಳಿಯನ್ನು ಹೊರಗೆ ಬಿಟ್ಟೆವು. ಉಳಿದವು ತಮ್ಮ ಪಾಡಿಗೆ ಇದ್ದವು. ಕರಿ ಕೋಳಿ ಮಾತ್ರ ಮತ್ತೆ ಬಂತು. ಅದು ಬಂದಿದ್ದು ನೋಡಿ ಉಳಿದವೂ ತಲೆ ಎತ್ತಿದವು. ತಕ್ಷಣ ಎತ್ತಿಕೊಂಡೆ.

"ಎಲ್ಲದ್ಕೂ ಅದೊಂದೇ ಮೇಟಿ, ಅದು ಕುಕ್ಕಿದ್ರೆ ಎಲ್ಲಾ ಕುಕ್ತವೆ," ಅಂದಳು ಬೋರಮ್ಮ. "ಅದ್ನ ಕುಯ್ಯಿ."

"ದಿನಾ ಮೊಟ್ಟೆ ಇಕ್ಕೋ ಕೋಳಿ. ಕುಯ್ಯಲ್ಲ."

"ಹಂಗಾರೆ ಇಲ್ಲಿಂದ ಎತ್ತು. ಬ್ಯಾರೆ ಜಾಗಕ್ ಹೋದ್ರೆ ಅದ್ರ ಜೋರು ಇಳೀತದೆ. ಗೊತ್ತಿಲ್ದ ಅಂಗಳ್ದಾಗೆ ಯಾವ್ ಕೋಳೀನೂ ಯಜಮಾನಿ ಅಲ್ಲ."

ಅದನ್ನು ಹೇಳುವಾಗ ಅವಳು ಕೋಳಿಯ ವಿಷಯವೇ ಹೇಳುತ್ತಿದ್ದಳೋ, ಮಗಳ ಮನೆಗೆ ಬಂದ ತನ್ನ ವಿಷಯ ಹೇಳುತ್ತಿದ್ದಳೋ, ನಾನು ಕೇಳಲಿಲ್ಲ. ಒಳಗೆ ಹೋಗಿ ಅವಳಿಗೆ ಇನ್ನೊಂದು ಮೊಟ್ಟೆ ಬಡಿಸಿದೆ.

ಮಾರನೆಯ ಬೆಳಗ್ಗೆ ಎದ್ದವಳೇ ಕರಿ ಕೋಳಿಯನ್ನು ಹಿಡಿದು, ಕಾಲು ಕಟ್ಟಿ, ವೈರ್ ಬ್ಯಾಗಿನೊಳಗೆ ಕೂರಿಸಿ ತಲೆ ಮಾತ್ರ ಹೊರಗೆ ಬಿಟ್ಟೆ. ಬೋರಮ್ಮನ ಜೊತೆ ಬಸ್ ಸ್ಟಾಂಡಿಗೆ ಹೋದೆ. ಕುಣಿಗಲ್ ಬಸ್ಸಿನಲ್ಲಿ ಕೂರಿಸಿ, ಬ್ಯಾಗು ಅವಳ ತೊಡೆಯ ಮೇಲಿಟ್ಟು, "ಪಾಲಿಗೆ ಕೊಟ್ಟಿದೀನಿ," ಅಂದೆ. ಗುರುತು ಬೇಡವಾ ಅಂದಳು. ಬೇಡ ಅಂದೆ. ಕಂಡಕ್ಟರು ಬಂದು ಕೋಳಿಗೆ ಟಿಕೆಟ್ ತೆಗೆಯಬೇಕು ಅಂದ.

"ಹೆಂಗಸ್ರಿಗೆ ಫ್ರೀ ಅಲ್ವೇನಪ್ಪ, ಇದೇನ್ ಗಂಡಾ?" ಅಂದಳು ಬೋರಮ್ಮ.

"ಆಧಾರ್ ಕಾರ್ಡ್ ತೋರ್ಸು ಅಜ್ಜಿ ಹಂಗಾರೆ," ಅಂದ ಅವನು.

ಅವರಿಬ್ಬರನ್ನೂ ಅಲ್ಲೇ ಬಿಟ್ಟು ಇಳಿದು ಮನೆಗೆ ಬಂದೆ. ಮಂಕರಿ ಎತ್ತಿ ಚುಕ್ಕಿ ಕೋಳಿಯನ್ನು ಅಂಗಳಕ್ಕೆ ಬಿಟ್ಟೆ. ಬೂದಿ ಕೋಳಿ ಹತ್ತಿರ ಬಂದು ಅದರ ಕಾಲು ನೋಡಿತು, ಏನೂ ಕಾಣಲಿಲ್ಲ, ಹೋಯಿತು. ಮೊರದಲ್ಲಿ ರಾಗಿ ತಂದು ಎಲ್ಲಕ್ಕೂ ಒಂದೇ ಕಡೆ ಚೆಲ್ಲಿದೆ.